ಮೂಳೆ ಕರಗಿಸೋ ಕೋಶಕ್ಕೆ ಬ್ರೇಕ್ ಹುಡುಕಿದ ಪುಣೆಯ ಲ್ಯಾಬ್

ಭಾಗಮಂಡಲದ ಸಂಗಮದಲ್ಲಿ ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣ್ತಾರೆ. ಸುಜ್ಯೋತಿ ನೆಲದಡಿ ಹರೀತಾಳೆ ಅನ್ನೋದು ನಂಬಿಕೆ. ವಿಜ್ಞಾನಿ ಮೋಹನ್ ವಾನಿ ಅವರ ಕೆಲಸ ಓದುವಾಗ ನನಗೆ ನೆನಪಾಗಿದ್ದು ಆ ಜಾಗ. ಮೂಳೆಗೂ ರೋಗನಿರೋಧಕ ವ್ಯವಸ್ಥೆಗೂ ನಡುವೆ ಅಂಥದ್ದೇ ಒಂದು ಕಾಣದ ಹರಿವಿದೆ.

ಮೂಳೆ ಸಿಮೆಂಟ್ ಕಂಬವಲ್ಲ. ಆಸ್ಟಿಯೋಕ್ಲಾಸ್ಟ್ ಕೋಶಗಳು ಹಳೆಯದನ್ನು ಕರಗಿಸುತ್ತಲೇ ಇರುತ್ತವೆ, ಬೇರೆ ಕೋಶಗಳು ಹೊಸದನ್ನು ಕಟ್ಟುತ್ತವೆ. ಕರಗಿಸುವ ಈ ಕೋಶ ರೋಗಾಣು ನುಂಗುವ ಮ್ಯಾಕ್ರೋಫೇಜ್‌ನ ದಾಯಾದಿ. ಅದು ಹುಟ್ಟಲು ರ‍್ಯಾಂಕ್‌ಎಲ್ ಎಂಬ ಪ್ರೋಟೀನಿನ ಆದೇಶ ಬೇಕು. ರುಮಟಾಯ್ಡ್ ಸಂಧಿವಾತದಲ್ಲಿ ಕೆರಳಿದ ಟಿ ಕೋಶಗಳೂ ಆ ಆದೇಶ ಕೊಡುತ್ತವೆ. ಕೀಲಿನ ಮೂಳೆ ಸವೆಯುತ್ತದೆ.

ವಾನಿ ಲಂಡನ್‌ನಲ್ಲಿ ಟಿಮ್ ಚೇಂಬರ್ಸ್ ಜೊತೆ ಇದೇ ಕೋಶದ ಮೇಲೆ ಕೆಲಸ ಮಾಡಿದವರು. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ಅವರ ತಂಡ 2003ರಲ್ಲಿ ಒಂದು ಮಜಾ ಸಂಗತಿ ಪ್ರಕಟಿಸಿತು: ಟಿ ಕೋಶಗಳೇ ಸ್ರವಿಸುವ ಐಎಲ್-3, ಇಲಿಯ ಕೋಶಗಳನ್ನು ಆಸ್ಟಿಯೋಕ್ಲಾಸ್ಟ್ ಆಗಲು ಬಿಡದೆ ಮ್ಯಾಕ್ರೋಫೇಜ್ ದಾರಿಗೆ ತಿರುಗಿಸುತ್ತದೆ. ಹೋದವು ವಾಪಸ್ ಬರಲ್ಲ. ಅಂದ್ರೆ ಆಕ್ಸಿಲರೇಟರ್ ಒತ್ತುವವರ ಕೈಯಲ್ಲೇ ಬ್ರೇಕೂ ಇದೆ! 2010ರಲ್ಲಿ ಮನುಷ್ಯರ ಕೋಶಗಳಲ್ಲೂ ಐಎಲ್-3 ಆಸ್ಟಿಯೋಕ್ಲಾಸ್ಟ್ ತಡೆಯುವುದನ್ನು ತೋರಿಸಿದರು.

ಅದೇ ವರ್ಷ ಅಮೆರಿಕದಲ್ಲಿ ರ‍್ಯಾಂಕ್‌ಎಲ್ ತಡೆಯುವ ಡೆನೊಸುಮ್ಯಾಬ್ ಇಂಜೆಕ್ಷನ್‌ಗೆ ಅನುಮತಿ ಸಿಕ್ಕಿತು. ಒಳ್ಳೆ ಔಷಧ, ಆದರೆ ನಿಲ್ಲಿಸಿದರೆ ಸವೆತ ಜೋರಾಗಿ ಮರಳುತ್ತದೆ. ಹಾಗಾಗಿ ಬೇರೆ ದಾರಿಗಳೂ ಬೇಕು.

ಐಎಲ್-3 ಇನ್ನೂ ಮೂಳೆ ಸವೆತದ ಔಷಧವಾಗಿಲ್ಲ. ‘ಮತ್ತೆ ಸರ್ಕಾರದ ದುಡ್ಡು ಯಾಕೆ?’ ಅಂತೀರಾ? ರ‍್ಯಾಂಕ್‌ಎಲ್ ಪತ್ತೆಯಾಗಿ ಔಷಧವಾಗಲು ದೊಡ್ಡ ಕಂಪನಿಯ ಹಣವಿದ್ದೂ 12-13 ವರ್ಷ ಹಿಡಿಯಿತು. 2020-21ರಲ್ಲಿ ಭಾರತ ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ 0.64%. ಪ್ರಶ್ನೆಯನ್ನು ಲ್ಯಾಬಿಗಲ್ಲ, ಬಜೆಟ್ ಮಂಡಿಸುವವರಿಗೆ ಕೇಳಿ.