ಪರದೆ ಹಿಗ್ಗಿದರೆ ಅಕ್ಷರವೇಕೆ ಮಸುಕಾಗುತ್ತದೆ?

ಕೋಲಾರ ಜಿಲ್ಲೆಯ ನಕ್ಷೆಯ ಮೇಲೆ ಆಡುವ ಗಣಕಯಂತ್ರದ ಆಟವೊಂದನ್ನು ವಿದ್ಯಾರ್ಥಿಯೊಬ್ಬನು ರಚಿಸಿದನೆಂದು ಭಾವಿಸೋಣ. ಮಾಲೂರಿನ ಹೆಂಚು, ಕೋಲಾರದ ಟೊಮೇಟೊ, ಶ್ರೀನಿವಾಸಪುರದ ಮಾವು—ಇವುಗಳ ವ್ಯಾಪಾರವೇ ಆಟ. ಪರದೆಯ ಒಂದು ಮೂಲೆಯಲ್ಲಿ ‘ಧನ’ ಎಂದೂ, ಇನ್ನೊಂದು ಮೂಲೆಯಲ್ಲಿ ‘ದನ’ ಎಂದೂ ಬರೆದು ಲೆಕ್ಕ ತೋರಿಸಲಾಗಿದೆ. ರಚಿಸಿದವನ ಪರದೆಯಲ್ಲಿ ಎಲ್ಲವೂ ಚೊಕ್ಕವಾಗಿವೆ. ಗೆಳೆಯನ ದೊಡ್ಡ ಪರದೆಯಲ್ಲಿಯಾದರೋ ಅಕ್ಷರಗಳಿಗೆ ಮಂಜು ಕವಿದಿದೆ. ಮತ್ತೊಬ್ಬನ ಹಳೆಯ ಸಣ್ಣ ಫೋನಿನಲ್ಲಿ ‘ಧ’ಕಾರದ ಹೊಟ್ಟೆಯ ಸೀಳು ಮುಚ್ಚಿಹೋಗಿ, ಧನವೆಲ್ಲವೂ ದನವಾಗಿದೆ! ಬರೆದ ಪದ ಬದಲಾಗಲಿಲ್ಲ. ಹಾಗಾದರೆ ತಪ್ಪು ಎಲ್ಲಿ?

ಅರ್ಧ ಚೌಕವಿಲ್ಲದ ಹಾಳೆ

ಪರದೆಯೆಂಬುದು ಗ್ರಾಫ್ ಹಾಳೆಯಂತೆ ಸಣ್ಣ ಚೌಕಗಳ ಜಾಲ. ಒಂದೊಂದು ಚೌಕವೂ ಒಂದು ಪಿಕ್ಸೆಲ್. ಅಡ್ಡಕ್ಕೆ 1280, ಉದ್ದಕ್ಕೆ 720 ಪಿಕ್ಸೆಲ್‌ಗಳಿರುವ ಪರದೆಯಲ್ಲಿ ಒಟ್ಟು 9,21,600 ಚೌಕಗಳಿವೆ. ಇದಕ್ಕೆಂದು ಬರೆದ ಚಿತ್ರವನ್ನು 1920 × 1080ರ ಪರದೆಗೆ ಹಿಗ್ಗಿಸಬೇಕಾದರೆ ಎಲ್ಲವನ್ನೂ ಒಂದೂವರೆ ಪಟ್ಟು ಮಾಡಬೇಕು. ಒಂದು ಪಿಕ್ಸೆಲ್ ದಪ್ಪದ ಗೆರೆ ಈಗ ಒಂದೂವರೆ ಪಿಕ್ಸೆಲ್ ಆಗಬೇಕು. ಆದರೆ ಅರ್ಧ ಪಿಕ್ಸೆಲ್ ಎಂಬುದು ಪರದೆಯಲ್ಲಿ ಇಲ್ಲವೇ ಇಲ್ಲ.

ಆಗ ಯಂತ್ರಕ್ಕೆ ಎರಡೇ ದಾರಿ. ಕೆಲವು ಗೆರೆಗಳನ್ನು ಒಂದು ಪಿಕ್ಸೆಲ್, ಕೆಲವನ್ನು ಎರಡು ಪಿಕ್ಸೆಲ್ ಮಾಡಬಹುದು, ಅಕ್ಷರ ಒರಟಾಗುತ್ತದೆ. ಇಲ್ಲವೇ ಒಂದು ಚೌಕವನ್ನು ಪೂರ್ಣ ಕಪ್ಪಾಗಿಸಿ, ಪಕ್ಕದ ಚೌಕವನ್ನು ಅರೆಗಪ್ಪಾಗಿಸಬಹುದು. ಆ ಅರೆಗಪ್ಪೇ ನಾವು ಕಂಡ ಮಂಜು. 2560 × 1440ರ ಪರದೆಯಲ್ಲಿ ಹಿಗ್ಗು ಸರಿಯಾಗಿ ಎರಡು ಪಟ್ಟು. ಒಂದು ಚೌಕ ನಾಲ್ಕಾಗುತ್ತದೆ. ಮಂಜಿಲ್ಲ, ಆದರೆ ಬಾಗುಗಳಲ್ಲಿ ಮೆಟ್ಟಿಲುಗಳು ಕಾಣುತ್ತವೆ.

ಹಿಗ್ಗಿಸಬೇಡಿ, ಹೊಸದಾಗಿ ಕೊರೆಯಿರಿ

ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 10ನೆಯ ಸಂಪುಟವಾಗಿ ಪ್ರಕಟಿಸಿದರು. ಆ ಕಲ್ಲುಗಳನ್ನು ಕೊರೆದ ರೂವಾರಿಗಳು ಅಕ್ಷರವನ್ನು ಎಳೆದು ಹಿಗ್ಗಿಸಲಿಲ್ಲ. ಪ್ರತಿ ಕಲ್ಲಿನ ಅಳತೆಗೂ ಅದನ್ನು ಹೊಸದಾಗಿ ಕೊರೆದರು. ಇಂದಿನ ಪರಿಹಾರದ ತಿರುಳೂ ಇದೇ.

ಟ್ರೂಟೈಪ್ ಫಾಂಟಿನಲ್ಲಿ ಸಾಮಾನ್ಯವಾಗಿ ಅಡಗಿರುವುದು ಅಕ್ಷರದ ಚಿತ್ರವಲ್ಲ, ಅದರ ಅಂಚಿನ ರೇಖಾಗಣಿತ. 720ರ ಪರದೆಯಲ್ಲಿ 20 ಪಿಕ್ಸೆಲ್ ಎತ್ತರವಿದ್ದ ಅಕ್ಷರವನ್ನು 1080ರಲ್ಲಿ 30, 2160ರಲ್ಲಿ 60 ಎಂದು ಮೊದಲು ಲೆಕ್ಕ ಹಾಕಿ, ಬಳಿಕ ಆ ಅಳತೆಗೆ ಬಿಡಿಸಬೇಕು. ಇಡೀ ಪರದೆಯನ್ನು ಚಿಕ್ಕದಾಗಿ ಬಿಡಿಸಿ ಅನಂತರ ಹಿಗ್ಗಿಸುವುದೇ ಮೂಲ ದೋಷ. ಸಾಲು ಆರಂಭವಾಗುವ ಸ್ಥಾನವನ್ನೂ ಪೂರ್ಣ ಪಿಕ್ಸೆಲ್ಲಿಗೆ ಹೊಂದಿಸಿದರೆ ಇನ್ನೂ ಒಳ್ಳೆಯದು.

ಮತ್ತೊಂದು ಜಾಣ ಉಪಾಯವನ್ನು ವಾಲ್ವ್ ಎಂಬ ಆಟದ ಸಂಸ್ಥೆಯ ಕ್ರಿಸ್ ಗ್ರೀನ್ 2007ರಲ್ಲಿ ವಿವರಿಸಿದರು. ಇದರಲ್ಲಿ ಪ್ರತಿ ಚುಕ್ಕೆಯೂ ಬಣ್ಣವನ್ನಲ್ಲ, ಅಕ್ಷರದ ಅಂಚು ತನ್ನಿಂದ ಎಷ್ಟು ದೂರವೆಂಬುದನ್ನು ನೆನಪಿಟ್ಟುಕೊಳ್ಳುತ್ತದೆ. ಕಪ್ಪು ಬಿಳುಪುಗಳ ಸರಾಸರಿ ತೆಗೆದರೆ ಅಕ್ಷರದಲ್ಲಿಲ್ಲದ ಬೂದು ಹುಟ್ಟುತ್ತದೆ. ದೂರಗಳ ಸರಾಸರಿ ತೆಗೆದರೆ ಬರುವುದೂ ಹೆಚ್ಚುಕಡಮೆ ನಿಜವಾದ ದೂರವೇ. ಆದ್ದರಿಂದ ಎಷ್ಟು ಹಿಗ್ಗಿಸಿದರೂ ದೂರ ಸೊನ್ನೆಯಾಗುವ ಗೆರೆ, ಎಂದರೆ ಅಂಚು, ಸ್ಪಷ್ಟವಾಗಿಯೇ ಉಳಿಯುತ್ತದೆ. ಚೂಪಾದ ಮೂಲೆಗಳು ತುಸು ದುಂಡಗಾಗುವುದು ಇದರ ಕೊರತೆ.

ಕನ್ನಡದ ವಿಶೇಷ

ಇಂಗ್ಲಿಷಿನ ಕೆಲವೇ ಅಕ್ಷರಗಳನ್ನು ಮುಂಚಿತವಾಗಿ ಬಿಡಿಸಿಟ್ಟುಕೊಂಡು ಸಾಲಾಗಿ ಜೋಡಿಸಿದರೆ ಕೆಲಸ ಮುಗಿಯುತ್ತದೆ. ಕನ್ನಡದಲ್ಲಿ ಹಾಗಲ್ಲ. ‘ಶ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಶ, ವಿರಾಮ, ರ, ಈಕಾರ ಎಂಬ ನಾಲ್ಕು ಸಂಕೇತಗಳ ಸರಣಿ. ಹಾರ್ಫ್‌ಬಝ್‌ನಂತಹ ತಂತ್ರಾಂಶವು ಅವನ್ನು ಕೂಡಿಸಿ ರೂಪ ಕೊಟ್ಟ ಬಳಿಕವೇ ಬಿಡಿಸುವ ಕೆಲಸ. ಒತ್ತಕ್ಷರವು ಸಾಲಿನಿಂದ ಕೆಳಗಿಳಿಯುವುದರಿಂದ, ಇಂಗ್ಲಿಷಿಗೆಂದು ಅಳೆದ ಗುಂಡಿಯೊಳಗೆ ‘ಮಾಸ್ತಿ’ಯ ತಕಾರ ಕತ್ತರಿಸಿಹೋಗುವುದುಂಟು.

ಕುಗ್ಗಿಸುವುದಕ್ಕೆ ಮಾತ್ರ ಒಂದು ಮಿತಿಯುಂಟು. ‘ಧ’ಕಾರದ ಸೀಳು ಒಂದು ಪಿಕ್ಸೆಲ್ಲಿಗಿಂತ ಕಿರಿದಾದ ಮೇಲೆ ಯಾವ ಗಣಿತವೂ ಅದನ್ನು ಪೂರ್ತಿಯಾಗಿ ಉಳಿಸಲಾರದು. ಅಲ್ಲಿ ಅಕ್ಷರವನ್ನು ಕುಗ್ಗಿಸದೆ, ಪರದೆಯ ಮೇಲಿನ ಇತರ ಅಲಂಕಾರಗಳನ್ನು ಕಡಮೆ ಮಾಡುವುದೇ ವಿವೇಕ.

ಓದಲು ಕಷ್ಟವಾದಾಗ ಆಟಗಾರನು ಸುಮ್ಮನೆ ಇಂಗ್ಲಿಷಿಗೆ ಹೊರಳುತ್ತಾನೆ. ಕನ್ನಡ ಲಿಪಿಯೇ ಯಂತ್ರಕ್ಕೆ ಒಗ್ಗದೆಂಬ ಅಪವಾದ ಹಬ್ಬುತ್ತದೆ. ತಪ್ಪು ಲಿಪಿಯದಲ್ಲ, ಲೆಕ್ಕದ್ದು. ಆಟ ಕಟ್ಟುವ ವಿದ್ಯಾರ್ಥಿಗಳು ದನ, ಧನ, ಮಾಸ್ತಿ, ಶ್ರೀನಿವಾಸಪುರ ಎಂಬ ನಾಲ್ಕು ಪದಗಳನ್ನು ಮೂರು ಅಳತೆಯ ಪರದೆಗಳಲ್ಲಿ ಬಿಡಿಸಿ ನೋಡಲಿ. ನಾಲ್ಕೂ ತಡೆಯಿಲ್ಲದೆ ಓದಲು ಬಂದರೆ ಲೆಕ್ಕ ಸರಿಯಾಗಿದೆಯೆಂದು ತಿಳಿಯಬಹುದು.