ಮಹಾಮಾರಿಯ ಕಾಲದ ವಾರದ ಸಂತೆ: ಅಕ್ಕಲಕೋಟ–ಜತ್ತ ಗಡಿಯ ಕನ್ನಡಕ್ಕೊಂದು ಬಯಲು

ನಾನು ಅಕ್ಕಲಕೋಟ ತಾಲೂಕಿನವ, ಕನ್ನಡ ಎಂ.ಎ. ವಿದ್ಯಾರ್ಥಿ. ಗಡಿನಾಡ ಕನ್ನಡ ಅಂದಕೂಡಲೇ ನಾವು ಶಾಲೆ, ಪಠ್ಯಪುಸ್ತಕ, ನಾಮಫಲಕಗಳ ಬಗ್ಗೆ ಮಾತಾಡತೀವಿ. ಇವತ್ತು ನಾನು ಹೇಳಬೇಕಂದಿರೋದು ಇನ್ನೊಂದು ಜಾಗದ ಬಗ್ಗೆ. ಅದು ವಾರದ ಸಂತೆ, ನಮ್ಮ ಕಡೆಯ ಮಾತಿನಲ್ಲಿ ಸಂತಿ. ಸರ್ಕಾರಿ ಕಾಗದದಲ್ಲಿ ‘ಆಠವಡಿ ಬಾಜಾರ’.

ಸಂತೆಗೆ ಗೋಡೆ ಇಲ್ಲ, ಬಾಗಿಲಿಲ್ಲ. ನಮ್ಮಲ್ಲಿ ಕಚೇರಿಯ ಅರ್ಜಿ ಮರಾಠಿಯಲ್ಲಿ, ಬಸ್ಸಿನ ಫಲಕ ಮರಾಠಿಯಲ್ಲಿ. ಸಂತೆಯಲ್ಲಿ ಮಾತ್ರ ಯಾರ ಅಪ್ಪಣೆಯೂ ಬೇಡ. “ಯವ್ವಾ, ಮೆಂತೆ ಹೆಂಗ?” ಅಂದರೆ “ಹತ್ತಕ್ಕ ಎರಡು ಪೆಂಡಿ, ತಗೋ ತಮ್ಮಾ” ಅಂತ ಉತ್ತರ ಬರತದ. ಪಕ್ಕದ ಗಿರಾಕಿ ಮರಾಠಿಯಲ್ಲಿ ಕೇಳಿದರೆ ಅದೇ ಅವ್ವ ಮರಾಠಿಯಲ್ಲೇ ಹೇಳತಾಳ. ಕೊಳ್ಳೋದರ ಜೊತೆಗೆ ಮಳಿ, ಬೆಳಿ, ಮದುವಿ, ಸಾವಿನ ಸುದ್ದಿ. ‘ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ’ ಅನ್ನೋ ಗಾದೆ ಹುಟ್ಟಿದ್ದೂ ಸಂತೆ ಜನರ ವಾರವನ್ನೇ ಅಳೆಯುತ್ತಿದ್ದ ಕಾರಣಕ್ಕೆ.

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಬಂತು. ಅದು ಹಂತಹಂತವಾಗಿ ಸಡಿಲವಾದ ಕ್ರಮ ಗಮನಿಸಬೇಕು. ಮಹಾರಾಷ್ಟ್ರ ಸರ್ಕಾರ ಮಾಲ್‌ಗಳಿಗೆ ಆಗಸ್ಟ್ 5ರಿಂದ ಅನುಮತಿ ಕೊಟ್ಟಿತು. ದನದ ಸಂತೆ ಸೇರಿದಂತೆ ವಾರದ ಸಂತೆಗಳಿಗೆ ಅಧಿಕೃತ ಅನುಮತಿ ಸಿಕ್ಕಿದ್ದು ಅಕ್ಟೋಬರ್ 15ರಿಂದ. ಮುಚ್ಚಿದ ಕಟ್ಟಡ ಮೊದಲು, ಬಯಲು ಆಮೇಲೆ. ರೋಗದ ಸ್ವಭಾವ ನೋಡಿದರೆ ಇದು ತಲೆಕೆಳಗು. ಗಾಳಿಯಾಡುವ ಬಯಲಲ್ಲಿ ವೈರಾಣು ಬೇಗ ಚದುರುತ್ತದೆ. ಮುಚ್ಚಿದ ಕೋಣೆಯ ಗಾಳಿಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ಹಾಗಾದರೆ ಯಾಕೆ ಹಿಂಗಾಯ್ತು? ನನಗೆ ಕಾಣುವ ಕಾರಣ ಇದು: ಮಾಲ್‌ಗೆ ಮಾಲೀಕನಿದ್ದಾನೆ, ಬಾಗಿಲಿದೆ, ಬಾಗಿಲಲ್ಲಿ ಜ್ವರ ನೋಡುವವನಿದ್ದಾನೆ. ಸಂತೆಯ ಪರವಾಗಿ ಮುಚ್ಚಳಿಕೆ ಬರೆದುಕೊಡುವವರು ಯಾರೂ ಇಲ್ಲ. ಅಧಿಕಾರಿಗಳ ಭಯ ಪೂರ್ತಿ ಸುಳ್ಳೂ ಅಲ್ಲ. 2020ರ ಮೇ ತಿಂಗಳಲ್ಲಿ ಚೆನ್ನೈನ ಕೋಯಂಬೇಡು ಮಾರುಕಟ್ಟೆಯಿಂದ ಸೋಂಕು ಬೇರೆ ಜಿಲ್ಲೆಗಳಿಗೂ ಹರಡಿತ್ತು. ಆದರೆ ಅಲ್ಲಿ ಕಂಡುಕೊಂಡ ದಾರಿ ಏನು? ತರಕಾರಿ ಸಗಟು ವ್ಯಾಪಾರವನ್ನು ತಿರುಮಳಿಸೈಯ ಬಯಲಿಗೆ ಸಾಗಿಸಿದರು. ಅಂದರೆ ಅಪಾಯ ಇದ್ದದ್ದು ಇಕ್ಕಟ್ಟಿನಲ್ಲಿ. ಬಯಲೇ ಅದಕ್ಕೆ ಪರಿಹಾರವಾಯಿತು.

ಸಂತೆ ನಿಂತಾಗ ಕಾಯಿಪಲ್ಲೆ ನಿಲ್ಲಲಿಲ್ಲ. ಕೈಗಾಡಿ, ಟಮಟಮ್ ಮೇಲೆ ಓಣಿಗೇ ಬಂತು. ಬರದೇ ಹೋದದ್ದು ಮಾತು. ಅದೇ ಹೊತ್ತಿಗೆ ಕನ್ನಡ ಶಾಲೆಗಳೂ ಮುಚ್ಚಿದ್ದವು. ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ಹಾಕಿದ್ದ ನೋಂದಣಿ, ಕ್ವಾರಂಟೈನ್ ನಿಯಮ ತೆಗೆದದ್ದು ಆಗಸ್ಟ್ 24ಕ್ಕೆ. ಅಲ್ಲಿಯವರೆಗೆ ಇಂಡಿ, ಅಫಜಲಪುರದ ಕಡೆಯ ಬೀಗರು, ವ್ಯಾಪಾರಿಗಳು ಈ ಕಡೆ ಬಂದರೂ ಸುಲಭವಾಗಿ ಊರಿಗೆ ಮರಳುವಂತಿರಲಿಲ್ಲ. ಶಾಲೆಯ ಪಾಠ ಹೆಂಗೋ ಮೊಬೈಲಿಗೆ ಬಂತು. ಸಂತೆಯ ಚೌಕಾಸಿ ಮೊಬೈಲಿಗೆ ಬರಲಿಲ್ಲ.

ಕಾನೂನು ಏನನ್ನತದ? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಐವತ್ತು ವರ್ಷಕ್ಕೂ ಹಳೆಯ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಎಬ್ಬಿಸಬಾರದು ಅನ್ನುತ್ತದೆ. 2020ರ ಜೂನ್‌ನಲ್ಲಿ ಬಂದ ಸ್ವನಿಧಿ ಯೋಜನೆ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿವರೆಗೆ ಸಾಲ ಕೊಟ್ಟಿತು. ಎರಡೂ ಪಟ್ಟಣದ ವ್ಯಾಪಾರವನ್ನು ನೋಡಿದವೇ ಹೊರತು ಗ್ರಾಮ ಪಂಚಾಯತಿ ಬಯಲಲ್ಲಿ ಕೂಡುವ ಸಂತೆಯನ್ನಲ್ಲ. ಗಡಿಯ ಕನ್ನಡ ಹೆಚ್ಚು ಕೇಳಿಸೋದು ಅಲ್ಲೇ.

ಇದರಿಂದ ಎರಡು ಮಾತು ಹೇಳಬಹುದು. ಮತ್ತೊಮ್ಮೆ ಇಂಥ ಕಾಲ ಬಂದರೆ ಸಂತೆಯನ್ನು ಮುಚ್ಚುವ ಮೊದಲು ಹರವಬೇಕು: ಒಂದು ದಿನದ್ದನ್ನು ಎರಡು ದಿನ ಮಾಡಿ, ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ, ನಡುವೆ ಜಾಗ ಬಿಟ್ಟು ಕೂಡಿಸಬೇಕು. ಇನ್ನೊಂದು, ಕನ್ನಡ ಓದುವ ನಮಗೆ. ಗಡಿಯ ಕನ್ನಡವನ್ನು ಶಾಲೆಗಳ ಲೆಕ್ಕದಲ್ಲಿ ಮಾತ್ರ ಎಣಿಸಿದರೆ ಸಾಲದು. ಯಾವ ಊರಲ್ಲಿ ಯಾವ ವಾರ ಸಂತೆ, ಅಲ್ಲಿ ಧಾರಣಿ ಯಾವ ಭಾಷೆಯಲ್ಲಿ ಕೇಳತಾರ, ಇದನ್ನು ಬರೆದಿಡುವ ಕೆಲಸ ಇನ್ನೂ ಬಾಕಿ ಅದ.