ಸ್ವಂತವಾಗಿ ಅಳವಡಿಸಿದ ಕಾರ್ ಅಲಾರಂ ಮತ್ತು ರಿಮೋಟ್ ಸ್ಟಾರ್ಟರ್: ದೋಷಪತ್ತೆಯ ಕ್ರಮ ಹಾಗೂ ವಿಮೆಯ ಲೆಕ್ಕ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಪೇಟೆಗಳ ನಡುವೆ ವ್ಯವಹರಿಸುವ ವರ್ತಕನಿಗೆ ವಾಹನವು ಅಂಗಡಿಯ ಗಲ್ಲಾಪೆಟ್ಟಿಗೆಯಷ್ಟೇ ಮುಖ್ಯ. ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಹೊರಡುವ ವೇಳೆಗೆ ಕಾರು ಚಾಲೂ ಆಗದಿದ್ದರೆ ಅಂದಿನ ಖರೀದಿಯೇ ತಪ್ಪಿಹೋಗಬಹುದು. ಕಳ್ಳತನದ ಭಯದಿಂದ ಅಲಾರಂ ಹಾಗೂ ರಿಮೋಟ್ ಸ್ಟಾರ್ಟರ್ ಕಿಟ್ ಕೊಂಡು ತಾವೇ ಅಳವಡಿಸಿಕೊಳ್ಳುವವರಿದ್ದಾರೆ. ಮಜೂರಿ ಉಳಿಯುವುದೇನೋ ನಿಜ. ಆದರೆ ಕೆಲವು ದಿನಗಳಲ್ಲಿಯೇ ಬ್ಯಾಟರಿ ಇಳಿಯುವುದು, ನಡುರಾತ್ರಿ ಸೈರನ್ ಕೂಗುವುದು, ರಿಮೋಟ್ ಒತ್ತಿದರೂ ಎಂಜಿನ್ ಚಾಲೂ ಆಗದಿರುವುದು ಮುಂತಾದ ತೊಂದರೆಗಳು ತಲೆದೋರಬಹುದು. ಇವುಗಳನ್ನು ಪತ್ತೆಹಚ್ಚುವ ಕ್ರಮವನ್ನೂ, ಯಾವುದನ್ನು ದುರಸ್ತಿ ಮಾಡಬೇಕು, ಯಾವುದನ್ನು ಕಳಚಿಯೇ ಹಾಕಬೇಕು ಎಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಬ್ಯಾಟರಿ ಇಳಿಯುತ್ತಿದ್ದರೆ

ತಾಳೆಪಟ್ಟಿ ಕೂಡದಿದ್ದಾಗ ಅನುಭವಿ ಗುಮಾಸ್ತನು ಕೊನೆಯದಾಗಿ ಬರೆದ ನಮೂದುಗಳನ್ನು ಮೊದಲು ನೋಡುತ್ತಾನೆ. ವಾಹನದಲ್ಲಿಯೂ ಕೊನೆಯದಾಗಿ ಮಾಡಿದ ಜೋಡಣೆಯನ್ನೇ ಮೊದಲು ಶಂಕಿಸಬೇಕು. ಆದರೆ ಅದಕ್ಕೂ ಮುನ್ನ ಮಲ್ಟಿಮೀಟರಿನಿಂದ ಬ್ಯಾಟರಿಯನ್ನು ಅಳೆಯುವುದು ಅವಶ್ಯ. ಪೂರ್ಣ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟ್‌ಗೆ ಇಳಿದಿದ್ದರೆ ಅದರಲ್ಲಿ ಕಾಲುಭಾಗದಷ್ಟು ಮಾತ್ರ ಉಳಿದಿರುತ್ತದೆ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಬರಬೇಕು. ಬಾರದಿದ್ದರೆ ತೊಂದರೆ ಚಾರ್ಜಿಂಗ್‌ನಲ್ಲಿದೆ, ಅಲಾರಂನಲ್ಲಿ ಅಲ್ಲ.

ಬ್ಯಾಟರಿ, ಚಾರ್ಜಿಂಗ್ ಎರಡೂ ಸರಿಯಿದ್ದರೆ ಸೋರಿಕೆಯನ್ನು ಅಳೆಯಬೇಕು. ಕೀಲಿ ತೆಗೆದು ಬಾಗಿಲುಗಳನ್ನು ಮುಚ್ಚಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ತಂತಿಗೂ ಟರ್ಮಿನಲ್‌ಗೂ ನಡುವೆ ಮೀಟರನ್ನು 10 ಆಂಪಿಯರ್ ಶ್ರೇಣಿಯಲ್ಲಿ ಜೋಡಿಸಬೇಕು. ಮೀಟರ್ ಜೋಡಿಸಿರುವಾಗ ಎಂಜಿನ್ ಚಾಲೂ ಮಾಡಕೂಡದು. ಅರ್ಧ ಗಂಟೆಯ ನಂತರ ಸೋರಿಕೆಯು ಸಾಮಾನ್ಯವಾಗಿ 50 ಮಿಲಿ ಆಂಪಿಯರ್‌ಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಮೊದಲು ಅಲಾರಂನ ಫ್ಯೂಸ್, ಬಳಿಕ ಉಳಿದವುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ಯಾವುದನ್ನು ಕಿತ್ತಾಗ ಅಂಕಿ ಇಳಿಯುವುದೋ ಆ ದಾರಿಯಲ್ಲಿಯೇ ದೋಷವಿರುತ್ತದೆ.

ಇದರ ಲೆಕ್ಕ ಸರಳವಾಗಿದೆ. 35 ಆಂಪಿಯರ್-ಅವರ್ ಬ್ಯಾಟರಿಯು 50 ಮಿಲಿ ಆಂಪಿಯರ್ ಸೋರಿಕೆಯಲ್ಲಿ ಬರಿದಾಗಲು 700 ಗಂಟೆ, ಅಂದರೆ 29 ದಿನ ಹಿಡಿಯುತ್ತದೆ. ಸೋರಿಕೆ 500 ಮಿಲಿ ಆಂಪಿಯರ್ ಇದ್ದರೆ 70 ಗಂಟೆಗಳೇ ಸಾಕು. ಶನಿವಾರ ಸಂಜೆ 7ಕ್ಕೆ ನಿಲ್ಲಿಸಿದ ವಾಹನದಲ್ಲಿ ಸೋಮವಾರ ಬೆಳಿಗ್ಗೆ 9ರ ಹೊತ್ತಿಗೆ 38 ಗಂಟೆಗಳಾಗಿ, 19 ಆಂಪಿಯರ್-ಅವರ್ ಅರ್ಥಾತ್ ಅರ್ಧಕ್ಕಿಂತ ಹೆಚ್ಚು ಸೋರಿಹೋಗಿರುತ್ತದೆ. ಗದಗ-ಬೆಟಗೇರಿಯ ಒಳಗೇ ನಿತ್ಯ ಅಲ್ಪದೂರ ಓಡುವ ವಾಹನದಲ್ಲಿ ಈ ಕೊರತೆ ತುಂಬಿಕೊಳ್ಳುವುದೂ ಇಲ್ಲ.

ಸೈರನ್ ಸುಮ್ಮನೆ ಕೂಗುತ್ತಿದ್ದರೆ

ಕಂಪನ ಗ್ರಹಿಸುವ ಸೆನ್ಸರ್ ಸಡಿಲವಾಗಿ ತೂಗುತ್ತಿದ್ದರೆ ಅಥವಾ ಅದರ ಸೂಕ್ಷ್ಮತೆ ಅತಿಯಾಗಿದ್ದರೆ ಲಾರಿ ಹಾದುಹೋದರೂ ಸಾಕು, ಕಪ್ಪತಗುಡ್ಡದ ಸೀಮೆಯ ಆಷಾಢದ ಗಾಳಿ ಬೀಸಿದರೂ ಸಾಕು, ಸೈರನ್ ಕೂಗುತ್ತದೆ. ಸೆನ್ಸರನ್ನು ಭದ್ರಪಡಿಸಿ ಸೂಕ್ಷ್ಮತೆಯನ್ನು ತಗ್ಗಿಸಬೇಕು. ಆಮೇಲೆ ಬಾನೆಟ್ ಹಾಗೂ ಬಾಗಿಲಿನ ಸ್ವಿಚ್‌ಗಳಲ್ಲಿ ಧೂಳು ಅಥವಾ ತುಕ್ಕು ಇದೆಯೇ ಎಂದು ಪರೀಕ್ಷಿಸಬೇಕು.

ಇಂತಹ ಕಿಟ್‌ಗಳಲ್ಲಿ ದೋಷವು ಉಪಕರಣಕ್ಕಿಂತ ಜೋಡಣೆಯಲ್ಲಿರುವುದೇ ಹೆಚ್ಚು. ಬಣ್ಣ ಕೆರೆಯದ ಲೋಹಕ್ಕೆ ಬಿಗಿದ ಅರ್ಥಿಂಗ್ ತಂತಿ ಸರಿಯಾಗಿ ಕೆಲಸ ಮಾಡದು. ತಿರುಚಿ ಟೇಪು ಸುತ್ತಿದ ಜೋಡಣೆಯು ನಮ್ಮ ಭಾಗದ ಬೇಸಿಗೆಯಲ್ಲಿ ಅಂಟು ಬಿಟ್ಟು ಸಡಿಲಾಗುತ್ತದೆ. ಬೆಸುಗೆ ಹಾಕಿ ಅಥವಾ ಕ್ರಿಂಪ್ ಮಾಡಿ ಮೇಲೆ ಸ್ಲೀವ್ ತೊಡಿಸುವುದು ಸರಿಯಾದ ವಿಧಾನ. ಮುಖ್ಯ ತಂತಿಯ ಫ್ಯೂಸ್ ಬ್ಯಾಟರಿಯ ಸಮೀಪದಲ್ಲಿಯೇ ಇರಬೇಕು. ಫ್ಯೂಸ್ ಪದೇಪದೇ ಸುಟ್ಟರೆ ದೊಡ್ಡ ಫ್ಯೂಸ್ ಹಾಕುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ. ಹಳದಿ ಬಣ್ಣದ ಏರ್‌ಬ್ಯಾಗ್ ತಂತಿಗಳನ್ನು ಮುಟ್ಟಲೇಬಾರದು.

ರಿಮೋಟ್ ಸ್ಟಾರ್ಟರ್: ದುರಸ್ತಿಯೋ, ನಿವಾರಣೆಯೋ?

ರಿಮೋಟ್ ಒತ್ತಿದಾಗ ಎಂಜಿನ್ ಕ್ಷಣಮಾತ್ರ ಓಡಿ ನಿಂತರೆ, ಕೀಲಿಯಲ್ಲಿನ ಚಿಪ್ ಅನ್ನು ಇಮ್ಮೊಬಿಲೈಸರ್ ಗುರುತಿಸುತ್ತಿಲ್ಲ ಎಂದು ತಿಳಿಯಬಹುದು. ಇದಕ್ಕಾಗಿ ಎರಡನೆಯ ಕೀಲಿಯನ್ನು ಡ್ಯಾಶ್‌ಬೋರ್ಡಿನೊಳಗೆ ಅಡಗಿಸಿಡುವವರುಂಟು. ಇದು ಕಳ್ಳನ ಕೈಗೆ ಕೀಲಿ ಕೊಟ್ಟಂತೆ. ಅಲ್ಲದೆ ಕಳವಿನ ಕ್ಲೇಮ್ ಸಂದರ್ಭದಲ್ಲಿ ವಿಮಾ ಕಂಪನಿಗಳು ಎರಡೂ ಕೀಲಿಗಳನ್ನು ಕೇಳುವುದು ವಾಡಿಕೆಯಲ್ಲಿದೆ.

ಗೇರ್ ಹಾಕಿ ಓಡಿಸುವ ವಾಹನದಲ್ಲಿ ಇದಕ್ಕಿಂತ ಗಂಭೀರವಾದ ಅಪಾಯವಿದೆ. ನಮ್ಮಲ್ಲಿ ವಾಹನವನ್ನು ಗೇರಿನಲ್ಲಿಯೇ ನಿಲ್ಲಿಸುವ ಅಭ್ಯಾಸವುಂಟು. ಆ ಸ್ಥಿತಿಯಲ್ಲಿ ದೂರದಿಂದ ಚಾಲೂ ಮಾಡಿದರೆ ವಾಹನವು ಮುಂದಕ್ಕೆ ನುಗ್ಗುತ್ತದೆ. ಎದುರಿಗೆ ಹಮಾಲನಿದ್ದಾನೆಯೋ ಮಗುವಿದೆಯೋ ರಿಮೋಟ್‌ಗೆ ತಿಳಿಯದು. ಗೇರ್ ವಾಹನಗಳಿಗೆಂದೇ ತಯಾರಾದ ಕಿಟ್‌ಗಳಲ್ಲಿ, ಚಾಲಕನು ನ್ಯೂಟ್ರಲ್‌ಗೆ ತಂದು, ಎಂಜಿನ್ ಓಡುತ್ತಿರುವಾಗಲೇ ಇಳಿದು, ಬಾಗಿಲು ಮುಚ್ಚಿದ ಮೇಲೆ ಮಾತ್ರ ರಿಮೋಟ್ ಸಿದ್ಧವಾಗುವ ವ್ಯವಸ್ಥೆಯಿರುತ್ತದೆ. ಆಮೇಲೆ ಯಾರಾದರೂ ಬಾಗಿಲು ತೆರೆದರೆ ಅದು ರದ್ದಾಗುತ್ತದೆ. ಈ ರಕ್ಷಣೆಯೆಲ್ಲ ನಿಂತಿರುವುದು ಬಾಗಿಲಿನ ಸ್ವಿಚ್ಚಿನ ಮೇಲೆ. ಆದ್ದರಿಂದ ಬಾಗಿಲಿನ ತಂತಿಯ ದೋಷವನ್ನು ಕೇವಲ ಸೈರನ್ನಿನ ಉಪದ್ರವವೆಂದು ಕಡೆಗಣಿಸಬಾರದು. ಕ್ಲಚ್ ಒತ್ತದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಸ್ವಿಚ್ಚನ್ನು ಕಿಟ್‌ಗಾಗಿ ತಪ್ಪಿಸಿದ್ದರಂತೂ ಕೊನೆಯ ರಕ್ಷಣೆಯೂ ಹೋದಂತಾಯಿತು.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 126ರ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಚಾಲಕನ ಆಸನದಲ್ಲಿ ಲೈಸೆನ್ಸ್ ಉಳ್ಳ ವ್ಯಕ್ತಿ ಇರಬೇಕು. ಇಲ್ಲವಾದರೆ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ ಅಥವಾ ಬೇರೆ ಕ್ರಮ ಕೈಗೊಂಡು, ವಾಹನವು ಅಕಸ್ಮಾತ್ ಚಲಿಸದಂತೆ ನೋಡಿಕೊಂಡಿರಬೇಕು. ಮುಚ್ಚಿದ ಗೋದಾಮಿನಲ್ಲಿ ಎಂಜಿನ್ ಓಡಿದರೆ ಕಾರ್ಬನ್ ಮೊನಾಕ್ಸೈಡ್ ಅನಿಲದ ಅಪಾಯ ಬೇರೆ.

ವಿಮೆಯ ಲೆಕ್ಕ

2002ರ ಜುಲೈ 1ರಿಂದ ಜಾರಿಗೆ ಬಂದ ಇಂಡಿಯಾ ಮೋಟಾರ್ ಟ್ಯಾರಿಫ್‌ನಲ್ಲಿ, ಪುಣೆಯ ಎ.ಆರ್.ಎ.ಐ. ಸಂಸ್ಥೆಯ ಅನುಮೋದನೆ ಪಡೆದ ಕಳವು ನಿರೋಧಕ ಉಪಕರಣಕ್ಕೆ ಸ್ವಂತ ಹಾನಿ ಪ್ರೀಮಿಯಂನಲ್ಲಿ ಶೇ. 2.5ರಷ್ಟು, ಗರಿಷ್ಠ ರೂ. 500/- ರಿಯಾಯಿತಿ ಇತ್ತು. ಅಳವಡಿಕೆಗೆ ಆಟೊಮೊಬೈಲ್ ಅಸೋಸಿಯೇಷನ್ನಿನ ಪ್ರಮಾಣಪತ್ರ ಬೇಕಾಗಿತ್ತು. ತಯಾರಕರ ಬೆಲೆಯಲ್ಲಿ ಸೇರದ ವಿದ್ಯುತ್ ಉಪಕರಣಗಳಿಗೆ ಅವುಗಳ ಮೌಲ್ಯದ ಶೇ. 4ರಷ್ಟು ಹೆಚ್ಚುವರಿ ಪ್ರೀಮಿಯಂ ಕೊಟ್ಟು ರಕ್ಷಣೆ ಪಡೆಯಬಹುದಾಗಿತ್ತು. 2007ರಿಂದ ಸ್ವಂತ ಹಾನಿಯ ದರಗಳನ್ನು ಕಂಪನಿಗಳೇ ನಿರ್ಧರಿಸುತ್ತಿವೆಯಾದ್ದರಿಂದ ನವೀಕರಣದ ವೇಳೆ ವಿಚಾರಿಸುವುದು ಲೇಸು.

ರೂ. 12,000/- ಪ್ರೀಮಿಯಂ ಮೇಲೆ ಶೇ. 2.5ರ ರಿಯಾಯಿತಿ ಎಂದರೆ ರೂ. 300/- ಮಾತ್ರ. ಪ್ರಶ್ನೆ ಇರುವುದು ಈ ಅಲ್ಪ ಮೊತ್ತದಲ್ಲಲ್ಲ. ವಿದ್ಯುತ್ ಅಥವಾ ಯಾಂತ್ರಿಕ ವೈಫಲ್ಯವು ಸಾಮಾನ್ಯ ಪಾಲಿಸಿಯ ರಕ್ಷಣೆಗೆ ಒಳಪಡುವುದಿಲ್ಲ. ವಾಹನದ ಸುರಕ್ಷತೆಗೆ ಸೂಕ್ತ ಎಚ್ಚರ ವಹಿಸುವುದು ವಿಮೆದಾರನ ಮೇಲಿನ ಷರತ್ತೂ ಆಗಿದೆ. ಸ್ವಂತ ಜೋಡಣೆಯಿಂದ ವೈರಿಂಗ್ ಸುಟ್ಟಾಗ ಸರ್ವೇಯರ್ ಮುಂದೆ ತೋರಿಸಲು ಬಿಲ್ಲಾಗಲಿ ಪ್ರಮಾಣಪತ್ರವಾಗಲಿ ಇರದಿದ್ದರೆ ಲಕ್ಷಾಂತರ ರೂಪಾಯಿಗಳ ಕ್ಲೇಮ್ ವಿವಾದಕ್ಕೆ ಸಿಲುಕಬಹುದು.

ಆದುದರಿಂದ ವರ್ತಕ ಬಾಂಧವರು ಅಲಾರಂ ಅನ್ನು ಮೇಲಿನ ಕ್ರಮದಲ್ಲಿ ಸರಿಪಡಿಸಿ ಉಳಿಸಿಕೊಳ್ಳಬಹುದು. ಗೇರ್ ವಾಹನಕ್ಕೆ ಜೋಡಿಸಿದ ರಿಮೋಟ್ ಸ್ಟಾರ್ಟರನ್ನು ಮಾತ್ರ ಅನುಭವಿ ಆಟೊ ಎಲೆಕ್ಟ್ರಿಷಿಯನ್ನರಿಂದ ಕಳಚಿಸಿ, ಕ್ಲಚ್ ಸ್ವಿಚ್ಚನ್ನು ಮೊದಲಿನ ಸ್ಥಿತಿಗೆ ತರಿಸುವುದು ಕ್ಷೇಮ. ಆ ಕೆಲಸದ ಬಿಲ್ಲನ್ನು ಪಾಲಿಸಿಯ ಜೊತೆಯಲ್ಲಿಯೇ ಫೈಲು ಮಾಡಿಡತಕ್ಕದ್ದು.